ಗೌಳಿವಾಡದ ರಕ್ತ ಬೆಳಗಾವಿಗೆ ಹೋದದ್ದು

ಶ್ರಾವಣದ ಎರಡನೇ ಸೋಮವಾರ ಬೆಳಗ್ಗೆ ಏಳು ಗಂಟೆಗೆ ಗುಂಜಿಯಿಂದ ಹೊರಟೆ. ಕೈಯಲ್ಲಿ ನೀಲಿ ಬಣ್ಣದ ಲಸಿಕೆ ಡಬ್ಬಿ, ಅದರೊಳಗೆ ಒಂಬತ್ತು ಸಣ್ಣ ಸೀಸೆಗಳಲ್ಲಿ ಒಂಬತ್ತು ಜನರ ರಕ್ತ. ಮಳೆ ಹಿಡಿದು ಅದು ಐದನೇ ದಿನ. ನನ್ನ ಹತ್ತಿರ ಒಂದೇ ಛತ್ರಿ ಇತ್ತು, ಅದನ್ನು ಡಬ್ಬಿಗೆ ಹಿಡಿದೆ. ನಾನು ತೊಯ್ದರೆ ಒಣಗುತ್ತೇನೆ.

ಗುಂಜಿ ಬದಿಯ ಒಂದು ಆರೋಗ್ಯ ಉಪಕೇಂದ್ರದಲ್ಲಿ ನಾನು ಇಪ್ಪತ್ತೆಂಟು ವರ್ಷ ಆಯಾ ಆಗಿದ್ದೆ. ಕಸ ಹೊಡೆಯುವುದು, ನೀರು ತುಂಬುವುದು, ಪೋಲಿಯೋ ಭಾನುವಾರ ಬಂದರೆ ಹನಿಯ ಡಬ್ಬಿ ತಲೆಯ ಮೇಲೆ ಹೊತ್ತು ಕಾಡಿನ ವಾಡಗಳಿಗೆ ನಡೆಯುವುದು, ಇದೇ ಕೆಲಸ. ವಯಸ್ಸಾದ ಮೇಲೆ ನಾಳೆಯಿಂದ ಬರಬೇಡ ಅಂದರು, ಬಿಟ್ಟೆ. ಓದಿದ್ದು ಮೂರನೇ ಇಯತ್ತೆ. ಬರೆಯಲು ಕೂತರೆ ಒಂದು ಹಾಳೆಗೆ ಒಂದು ಹೊತ್ತು ಹೋಗುತ್ತದೆ. ಆದರೂ ಈ ಮೂರು ದಿನದ ಪ್ರಯಾಣವನ್ನು ಬರೆಯುತ್ತಿದ್ದೇನೆ, ಯಾಕೆಂದರೆ ಸರ್ಕಾರದ ಪುಸ್ತಕದಲ್ಲಿ ಇದಕ್ಕೆ ಒಂದು ಸಾಲು ಸಿಕ್ಕಿದೆ, ಆ ಸಾಲೂ ಪೂರ್ತಿ ಇಲ್ಲ.

ಗುಂಜಿಯಿಂದ ನಾಲ್ಕು ಕಿಲೋಮೀಟರು ಕಾಡಿನೊಳಗೆ ಎಮ್ಮೆ ಕಟ್ಟಿಕೊಂಡಿರುವ ಗೌಳಿಗರ ಹನ್ನೆರಡು ಮನೆಗಳಿವೆ. ನಾವು ಅದಕ್ಕೆ ಗೌಳಿವಾಡ ಎನ್ನುತ್ತೇವೆ. ಅಲ್ಲಿ ಮೂರು ವಾರದಿಂದ ಜ್ವರ. ಮೈ ಸುಡುತ್ತದೆ, ಕಣ್ಣು ಕೆಂಪಾಗುತ್ತದೆ, ಮೀನಖಂಡ ಮುಟ್ಟಿದರೆ ಗಂಡಸರೂ ಚೀರುತ್ತಾರೆ. ಉಪಕೇಂದ್ರದ ಸಿಸ್ಟರ್ ಜ್ವರದ ಗುಳಿಗೆ ಕೊಟ್ಟಳು. ಡಾಕ್ಟರು ಎರಡು ಕಡೆ ಕೆಲಸ ಹಂಚಿಕೊಂಡವರು, ವಾರಕ್ಕೆ ಒಂದು ದಿನ ನಮ್ಮ ಕಡೆ. ಅವರು, ರಕ್ತ ನೋಡದೆ ಏನೂ ಹೇಳಲಾಗುವುದಿಲ್ಲ ಅಂದರು. ಹನ್ನೆರಡು ದಿನದ ಹಿಂದೆ ಏಳು ಜನರ ರಕ್ತ ತೆಗೆದು ಬೆಳಗಾವಿಗೆ ಕಳಿಸಿದರು. ಡಬ್ಬಿ ಕಟ್ಟುವಾಗ ಸಿಸ್ಟರ್ ನನ್ನನ್ನೇ ಕರೆದಳು. "ಆಯಿ, ನೀವ ಕಟ್ರಿ. ನಿಮಗ ರೂಢಿ ಐತಿ." ಕಟ್ಟಿದೆ. ನೀರು ತುಂಬಿ ಫ್ರಿಜ್ಜಿನಲ್ಲಿಟ್ಟು ಕಲ್ಲಿನಂತೆ ಗಟ್ಟಿ ಮಾಡಿದ ಬರ್ಫದ ನಾಲ್ಕು ಪ್ಲಾಸ್ಟಿಕ್ ಪಟ್ಟಿ ನಾಲ್ಕು ಬದಿಗೆ, ನಡುವೆ ಸೀಸೆಗಳು ಅಲುಗದಂತೆ ಒತ್ತಿ. ಇಪ್ಪತ್ತೆಂಟು ವರ್ಷದಲ್ಲಿ ನಾನು ಕಟ್ಟಿದ ಡಬ್ಬಿಯಲ್ಲಿ ಪೋಲಿಯೋ ಹನಿ ಒಂದು ಸಲವೂ ಕೆಟ್ಟಿರಲಿಲ್ಲ.

ಆ ರಕ್ತದ ಉತ್ತರ ಬರಲಿಲ್ಲ. ಒಂಬತ್ತನೇ ದಿನ ಆ ಏಳು ಜನರಲ್ಲಿ ಒಬ್ಬ, ಧೋಂಡು, ಕಣ್ಣು ಹಳದಿಯಾಗಿ ಸತ್ತ. ವಾಡದ ಹಿರಿಯ ಅವನು. ಅವನ ಹೆಂಡತಿ ಲಕ್ಕೂಬಾಯಿ. ಅವಳ ಸೊಸೆ ಸಾವಿತ್ರಿಯೂ ಮಲಗಿದಳು. ವಾಡಕ್ಕೆ ದಿನಾ ಹೋಗಿ ಬರುತ್ತಿದ್ದ ಆಶಾ ಕಾರ್ಯಕರ್ತೆ ಸುನಂದಾಳೂ ಮಲಗಿದಳು. ಹಾಗಾಗಿ ಭಾನುವಾರ ಮತ್ತೆ ರಕ್ತ ತೆಗೆಯಲು ಸಿಸ್ಟರ್ ಜೊತೆ ನಾನು ಹೋದೆ. ಲಕ್ಕೂಬಾಯಿ ಬಾಗಿಲಲ್ಲಿ ಅಡ್ಡ ನಿಂತಳು.

"ಮೊದಲನೇ ರಕ್ತ ಎಲ್ಲಿ ಹೋತು, ಗಂಗವ್ವ?"

"ಬೆಳಗಾವಿಗೆ."

"ಬೆಳಗಾವಿ ಏನಂತು?"

"ಏನೂ ಅನ್ನಲಿಲ್ಲ."

"ಮತ್ತ ಇನ್ನಷ್ಟ ಯಾಕ ಬೇಕ ಅದಕ್ಕ? ನಮ್ಮ ಎಮ್ಮಿ ಹಾಲ ಒಯ್ಯಾವ ಸುದ್ಧಾ ಇಷ್ಟ ಫ್ಯಾಟ್ ಬಂತು ಅಂತ ಚೀಟಿ ಕೊಡ್ತಾನ. ಮನಷ್ಯಾನ ರಕ್ತಕ್ಕ ಒಂದ ಚೀಟಿ ಇಲ್ಲ."

ಸಿಸ್ಟರ್ ತಲೆ ತಗ್ಗಿಸಿದಳು. ಅವಳದೇನೂ ತಪ್ಪಿರಲಿಲ್ಲ, ಅವಳಿಗೂ ಯಾರೂ ಹೇಳಿರಲಿಲ್ಲ. ನಾನು ಲಕ್ಕೂಬಾಯಿಗೆ ಹೇಳಿದೆ, "ಈ ಸಲ ನಾನ ಒಯ್ತೀನಿ. ಮೊದಲನೇದು ಏನಾತು, ಎರಡನೇದು ಏನಂತೈತಿ, ಎರಡೂ ಸುದ್ದಿ ತರ್ತೀನಿ. ತರದ ನಿನ್ನ ಅಂಗಳಕ್ಕ ಕಾಲಿಡೂದಿಲ್ಲ." ಅವಳು ಬಾಗಿಲಿನಿಂದ ಸರಿದಳು. ಅವಳು ಸರಿದದ್ದಕ್ಕೇ ಉಳಿದ ಮನೆಯವರೂ ತೋಳು ಚಾಚಿದರು. ಸುನಂದಾಳದೂ ಸೇರಿ ಒಂಬತ್ತು ಸೀಸೆಯಾಯಿತು.

ಈಗ ಬರ್ಫದ ಸಂಗತಿ. ಮಳೆಗೆ ತಂತಿಯ ಮೇಲೆ ಮರ ಬಿದ್ದು ಎರಡು ದಿನದಿಂದ ಉಪಕೇಂದ್ರದಲ್ಲಿ ಕರೆಂಟು ಇರಲಿಲ್ಲ. ಪಟ್ಟಿಗಳನ್ನು ಅಲುಗಿಸಿದರೆ ಒಳಗೆ ನೀರು ಸಪ್ಪಳ ಮಾಡುತ್ತಿತ್ತು. ಅಂಥ ಮೆತ್ತಗಿನ ಬರ್ಫದಲ್ಲಿ ಡಬ್ಬಿ ಕಟ್ಟಿ ಗೊತ್ತಿಲ್ಲ ನನಗೆ. ಬೇರೆ ದಾರಿಯಿಲ್ಲದೆ ಅದರಲ್ಲೇ ಕಟ್ಟಿದೆ, ನಾಚಿಕೆಯಾಯಿತು. ಗುಂಜಿಯಿಂದ ಖಾನಾಪುರದವರೆಗೆ ಕರೆಂಟಿನವರನ್ನು ಬೈಯುತ್ತಲೇ ಹೋದೆ.

ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ, ಆಧಾರ್ ತೋರಿಸಿದರೆ ಸಾಕು. ಕಂಡಕ್ಟರ್ ಡಬ್ಬಿ ನೋಡಿ ನಕ್ಕ.

"ಏನೈತಿ ಆಯಿ ಅದರಾಗ? ಮೀನೇನು? ಶ್ರಾವಣ ಸೋಮವಾರ ಐತಿ, ಮಂದಿ ಇಳಸ್ತಾರ ನಿನ್ನ."

"ರಕ್ತ."

ಅವನ ನಗೆ ನಿಂತಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗು ಮೂಗಿಗೆ ಹಿಡಿದು ಎದ್ದಳು.

"ಕುಂದರ್ರಿ," ಅಂದೆ. "ಅದೇನು ಎದ್ದು ಕಡಿಯೂದಿಲ್ಲ." ಅವಳು ಕೂರಲಿಲ್ಲ. ಖಾನಾಪುರದವರೆಗೆ ಎರಡು ಜನರ ಸೀಟು ನನ್ನದೂ ಡಬ್ಬಿಯದೂ ಆಯಿತು.

ಖಾನಾಪುರದಲ್ಲಿ ರಕ್ತವನ್ನು ಒಂದು ಸರ್ಕಾರಿ ಕಚೇರಿಯಲ್ಲಿ ಕೊಟ್ಟರೆ ಅವರ ಜೀಪು ಬೆಳಗಾವಿಗೆ ಒಯ್ಯಬೇಕು, ಅದು ಕ್ರಮ. ಯಾವ ಕಚೇರಿ ಎಂದು ಬರೆಯುವುದಿಲ್ಲ. ಬರೆದರೆ ಮೇಜಿನ ಹಿಂದೆ ಕೂತಿದ್ದ ಗುಮಾಸ್ತನ ಕೆಲಸ ಹೋಗುತ್ತದೆ, ಅವನ ಮೇಲಿನವರು ಹಾಗೇ ಇರುತ್ತಾರೆ. ಗೋಡೆಯ ಮೇಲೆ ಆಳೆತ್ತರದ ತಖ್ತೆ ಇತ್ತು. ಸಾಂಕ್ರಾಮಿಕ ರೋಗ ಬಂದರೆ ಯಾರು ಯಾರಿಗೆ ಫೋನ್ ಮಾಡಬೇಕು ಎಂದು ಬಾಣ ಹಾಕಿ ತೋರಿಸಿದ್ದರು. ಬಾಣಗಳೆಲ್ಲ ಮೇಲಕ್ಕೆ ಹೋಗುತ್ತಿದ್ದವು. ಕೆಳಗೆ ಬರುವ ಬಾಣ ಒಂದೂ ಇರಲಿಲ್ಲ.

"ಜೀಪ್ ಬೆಳಗಾವಿಗೆ ಹೋಗೈತ್ರಿ," ಅಂದ ಗುಮಾಸ್ತ.

"ರಕ್ತಾನೂ ಬೆಳಗಾವಿಗೇ ಹೋಗೂದು. ಇದನ್ನ ಬಿಟ್ಟು ಜೀಪ್ ಹೆಂಗ ಹೋತು?"

"ಸಾಹೇಬ್ರಿಗೆ ಮೀಟಿಂಗ್ ಐತ್ರಿ. ಇಲ್ಲೇ ಫ್ರಿಜ್‌ನಾಗ ಇಟ್ಟ ಹೋಗ್ರಿ, ಗುರುವಾರ ಕಳಸ್ತೀವಿ."

"ಗುರುವಾರದ ತನಕ ಜ್ವರ ಎಲ್ಲಿ ಇಡೂಣು? ಅದಕ್ಕೂ ಒಂದ ಫ್ರಿಜ್ ಐತೇನು?"

ಅವನು ಒಳ್ಳೆಯವನೇ. ನಾನೇ ಬೆಳಗಾವಿಗೆ ಒಯ್ಯಲೆಂದು ಸಿಸ್ಟರ್ ಕೊಟ್ಟ ಕಾಗದಕ್ಕೆ ಶಿಕ್ಕಾ ಹೊಡೆದು ಕೊಟ್ಟ. ರಕ್ತವನ್ನು ಗರಗರ ತಿರುಗಿಸಿ ಮೇಲಿನ ತಿಳಿಯನ್ನು ಬೇರೆ ಮಾಡುವ ಯಂತ್ರ ಒಂದು ಇರಬೇಕಲ್ಲ ಎಂದು ಕೇಳಿದೆ, ಸಿಸ್ಟರ್ ಕೇಳಿಕೊಂಡು ಬಾ ಅಂದಿದ್ದಳು. ಮೂಲೆ ತೋರಿಸಿದ. ಕೆಟ್ಟು ಕೂತ ಯಂತ್ರದ ಮೇಲೆ ಯಾರದೋ ಊಟದ ಡಬ್ಬಿ ಇತ್ತು.

ಸಿಟ್ಟು ಬಂದದ್ದು ಇದಕ್ಕಲ್ಲ. ಕೊರೊನಾ ಕಾಲದಲ್ಲಿ ಇದೇ ಕಚೇರಿಯಿಂದ ದಿನಕ್ಕೆ ಎರಡು ಸಲ ಒಬ್ಬ ಮೋಟಾರ್ ಸೈಕಲ್ಲಿನ ಮೇಲೆ ಡಬ್ಬಿ ಕಟ್ಟಿಕೊಂಡು ಬೆಳಗಾವಿಗೆ ಹೋಗುತ್ತಿದ್ದ, ಮರುದಿನ ಹಳ್ಳಿಗೆ ಉತ್ತರ ಬರುತ್ತಿತ್ತು. ನಾನು ಕಣ್ಣಾರೆ ನೋಡಿದ್ದೇನೆ. ಮಾಡಲು ಬರುವುದಿಲ್ಲ ಎಂದಿದ್ದರೆ ಸುಮ್ಮನಿರಬಹುದಿತ್ತು. ಮಾಡಿ ತೋರಿಸಿದವರು ಇವರೇ. ಶಹರದವರಿಗೆ ಹೆದರಿಕೆ ಹೋದ ಕೂಡಲೇ ಆ ಮೋಟಾರ್ ಸೈಕಲ್ಲಿನವನನ್ನು ಮನೆಗೆ ಕಳಿಸಿದರು. ಕಾಡಿನ ಜ್ವರ ಕಾಡಿನವರಿಗೆ.

ಖಾನಾಪುರದಲ್ಲಿ ಗಟ್ಟಿ ಬರ್ಫ ಸಿಕ್ಕರೆ ಡಬ್ಬಿ ಬದಲಿಸಿ ಕಟ್ಟೋಣ ಎಂದು ಮೀನಿನವರ ಕಡೆ ಹೋದೆ. ಹಲಗೆಗಳು ತೊಳೆದು ಒಣಗಿದ್ದವು. ಶ್ರಾವಣದಲ್ಲಿ ಯಾರು ಮೀನು ತಿನ್ನುತ್ತಾರೆ, ಬರ್ಫದ ಗಾಡಿಯೇ ಬಂದಿಲ್ಲ ಎಂದು ಒಬ್ಬಳು ಹೇಳಿದಳು. ಕರೆಂಟಿನವರ ಜೊತೆಗೆ ಶ್ರಾವಣವನ್ನೂ ಬೈದೆ. ಸ್ಟ್ಯಾಂಡಿನ ಎದುರು ಇಪ್ಪತ್ತು ರೂಪಾಯಿಗೆ ಅವಲಕ್ಕಿ ತಿಂದು ಹನ್ನೊಂದರ ಬಸ್ಸು ಹತ್ತಿದೆ. ಸೋಮವಾರದ ಉಪವಾಸ ನಾನು ಮಾಡುವುದಿಲ್ಲ.

ಖಾನಾಪುರದಿಂದ ಬೆಳಗಾವಿ ಇಪ್ಪತ್ತಾರು ಕಿಲೋಮೀಟರು. ಮಳೆಯಲ್ಲಿ ಒಂದೂಕಾಲು ತಾಸು ಹಿಡಿಯಿತು. ಪೀರನವಾಡಿಯ ಹತ್ತಿರ ವಾಹನಗಳು ಸಿಕ್ಕಿಕೊಂಡು ನಿಂತಾಗ ಡಬ್ಬಿಯ ಮುಚ್ಚಳದ ಮೇಲೆ ಕೈಯಿಟ್ಟು ಕೂತಿದ್ದೆ. ಒಂಬತ್ತು ಜನ ಒಳಗೆ ಮುದುಡಿ ಕೂತ ಹಾಗೆ ಅನಿಸಿತು, ಅವರನ್ನು ಮಳೆಯಲ್ಲಿ ಕಾಯಿಸುವವಳು ನಾನೇ ಎಂದು. ಬೆಳಗಾವಿ ಸ್ಟ್ಯಾಂಡಿನಿಂದ ಆಟೋದವನು ಅರವತ್ತು ರೂಪಾಯಿ ತೆಗೆದುಕೊಂಡ. ರಕ್ತ ತಪಾಸಣೆ ಕೇಂದ್ರ ಮುಟ್ಟಿದಾಗ ಒಂದು ಗಂಟೆ.

ಕಿಟಕಿಯಲ್ಲಿದ್ದವನು ಗಡಿಯಾರ ತೋರಿಸಿದ. "ಹನ್ನೆರಡರ ಒಳಗ ತರಬೇಕ್ರಿ."

"ಅದನ್ನ ಬಸ್ಸಿಗೆ ಹೇಳ್ರಿ."

"ಈ ಅರ್ಜಿಯೊಳಗ ತಂದವರ ಹುದ್ದೆ ಅಂತ ಐತಿ. ನಿಮ್ಮ ಹುದ್ದೆ ಏನು?"

"ಆಯಾ."

"ಈಗ ಕೆಲಸದಾಗ ಅದೀರೇನು?"

"ಇಲ್ಲ."

"ಹಂಗಾರ ಏನಂತ ಬರಕೊಳ್ಳಲಿ?"

"ಮುದುಕಿ ಅಂತ ಬರಕೋರಿ. ಖರೇನ ಐತಿ."

ಬರೆದುಕೊಳ್ಳಲಿಲ್ಲ. ತಪಾಸಣೆ ಮಾಡುವ ಮೇಡಂ, ನಮ್ಮ ಮಾತಿನಲ್ಲಿ ಬಾಯಾರು, ಬಾಜೂ ಕಟ್ಟಡದಲ್ಲಿದ್ದಾರೆ, ಅವರು ಬರುವವರೆಗೆ ನಾನು ಮುಟ್ಟುವುದಿಲ್ಲ ಅಂದ. ಬಾಜೂ ಕಟ್ಟಡಕ್ಕೆ ಹೋದೆ. ಅಂಗಳದಲ್ಲಿ ಖಾನಾಪುರದ ಜೀಪು ನಿಂತಿತ್ತು, ಬಾಗಿಲ ಮೇಲೆ ಹೆಸರು ಬರೆದಿತ್ತು, ಚಾಲಕ ಒಳಗೆ ಮಲಗಿದ್ದ. ಬಾಗಿಲಿಗೆ ಬಟ್ಟೆಯ ಫಲಕ ಕಟ್ಟಿದ್ದರು. ಅಕ್ಷರ ಕೂಡಿಸಿ ಓದಿದೆ. ಸಾಂಕ್ರಾಮಿಕ ರೋಗಗಳನ್ನು ಎದುರಿಸಲು ಸನ್ನದ್ಧತೆ, ಒಂದು ದಿನದ ಕಾರ್ಯಾಗಾರ. ಒಳಗೆ ಊಟ ನಡೆದಿತ್ತು. ಜ್ವರಕ್ಕೆ ಹೇಗೆ ತಯಾರಿರಬೇಕು ಎಂದು ಕಲಿಯಲು ಬಂದವರ ಜೀಪಿಗಾಗಿ ಜ್ವರದ ರಕ್ತ ಖಾನಾಪುರದಲ್ಲಿ ಗುರುವಾರದವರೆಗೆ ಕೂರಬೇಕಿತ್ತು.

ನಾನು ನೆಟ್ಟಗೆ ಊಟದ ಸಾಲಿನ ನಡುವೆ ಹೋಗಿ ಡಬ್ಬಿಯನ್ನು ಹೋಳಿಗೆಯ ಪರಾತದ ಪಕ್ಕದಲ್ಲಿ ಇಟ್ಟೆ. "ರಕ್ತ ನೋಡೂ ಬಾಯಾರು ಯಾರ್ರಿ? ಗೌಳಿವಾಡದಿಂದ ಒಂಬತ್ತು ಮಂದಿ ಬಂದಾರ," ಅಂದೆ. ಒಬ್ಬ ಸಾಹೇಬರು ಹೊರಗೆ ಹೋಗು ಎಂದು ಕೈ ಮಾಡಿದರು. ಮೂವತ್ತರ ಆಸುಪಾಸಿನ ಒಬ್ಬಳು ತಾಟು ಕೆಳಗಿಟ್ಟು, ಕೈ ತೊಳೆದು ಬಂದಳು. ವೈಶಾಲಿ ಎಂದು ಹೆಸರು. ತಪಾಸಣೆ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಕಿಟಕಿಯವನಿಗೆ ಒಂದು ಮಾತೂ ಆಡದೆ ಸೀಸೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದಳು.

"ಬರ್ಫ ಕರಗೇತ್ರಿ ಬಾಯಾರ," ಅಂದೆ. "ನಮ್ಮಲ್ಲಿ ಕರೆಂಟ್ ಇಲ್ಲ. ತಪ್ಪ ತಿಳಕೋಬ್ಯಾಡ್ರಿ."

"ಇರ್ಲಿ ಬಿಡ್ರಿ. ಚಲೋ ಅದಾವ. ನಾಳೆ ನಾಲ್ಕಕ್ಕ ಬರ್ರಿ, ಅಜ್ಜಿ." ಸೀಸೆ ಒಳಗಿಟ್ಟು ಅವಳು ಸಭೆಗೆ ಓಡಿದಳು. ಬೇಸರವಾಗಬಾರದೆಂದು ಹಾಗೆ ಹೇಳಿದಳು ಅಂದುಕೊಂಡೆ.

ಆ ದಿನ ಬೆಳಗಾವಿಯದೇ ಶಹಾಪುರದಲ್ಲಿ ಅಣ್ಣನ ಮಗಳು ರುಕ್ಮಿಣಿಯ ಮನೆಯಲ್ಲಿ ಉಳಿದೆ. ಮುಂದಿನ ಕೋಣೆಯಲ್ಲಿ ಎರಡು ಮಗ್ಗ, ಹಿಂದಿನ ಕೋಣೆಯಲ್ಲಿ ಸಂಸಾರ. ಮಗ್ಗದ ಸಪ್ಪಳದಲ್ಲಿ ಆ ಮನೆಯವರೆಲ್ಲ ಒದರಿಯೇ ಮಾತಾಡುತ್ತಾರೆ, ಮಗ್ಗ ನಿಂತ ಮೇಲೂ.

"ಅತ್ತಿ, ನಿಮಗ್ಯಾಕ ಈ ಉಸಾಬರಿ? ಪಗಾರ ಬರ್ತೈತೇನು?"

"ಪಗಾರ ಬರೂ ಮಂದಿ ಹೋಳಿಗಿ ಉಣ್ಣಾಕ ಕುಂತಿದ್ರು. ಖಾಲಿ ಇದ್ದಾಕಿ ನಾ ಒಬ್ಬಾಕಿ."

ಮಂಗಳವಾರ ಮೂರು ಗಂಟೆಗೇ ಹೋಗಿ ಕೂತೆ. ನಾಲ್ಕೂವರೆಗೆ ವೈಶಾಲಿ ಒಳಗೆ ಕರೆದಳು. ಒಂಬತ್ತರಲ್ಲಿ ಆರು ಜನರದು ಇಲಿ ಜ್ವರ ಅಂದಳು. ಇಲಿ, ದನಗಳ ಉಚ್ಚೆ ಬಿದ್ದ ನೀರಿನಲ್ಲಿ ಬರಿಗಾಲಲ್ಲಿ ನಿಂತರೆ, ಕಾಲಿನ ಗಾಯದಿಂದ ಮೈಯೊಳಗೆ ಹೋಗುವ ಜ್ವರ. ಮಳೆಗಾಲದಲ್ಲಿ ಎಮ್ಮೆ ಕೊಟ್ಟಿಗೆಯಲ್ಲಿ ದಿನವಿಡೀ ನಿಲ್ಲುವವರಿಗೆ ಬರುವುದು ಸಹಜವಂತೆ. ಬೇಗ ಗೊತ್ತಾದರೆ ಒಂದು ವಾರದ ಗುಳಿಗೆಯಲ್ಲಿ ಹೋಗುತ್ತದಂತೆ. ಡಾಕ್ಟರಿಗೆ ನನ್ನೆದುರೇ ಫೋನ್ ಮಾಡಿ ಹೇಳಿದಳು, ಆರು ಹೆಸರಿನ ಚೀಟಿಯನ್ನೂ ಕೈಗೆ ಕೊಟ್ಟಳು. ಆರರಲ್ಲಿ ಸಾವಿತ್ರಿ ಇದ್ದಳು, ಸುನಂದಾ ಇದ್ದಳು.

"ಇದು ಒಂದ ಸುದ್ದಿ ಆತು," ಅಂದೆ. "ಹನ್ನೆರಡ ದಿನದ ಹಿಂದ ಏಳು ಸೀಸೆ ಬಂದಿದ್ದು. ಅವು ಏನಾದವು?"

ಅವಳು ದೊಡ್ಡ ಪುಸ್ತಕ ತೆಗೆದು ಬೆರಳಿಟ್ಟಳು. ಆ ಸಾಲಿನ ಕೊನೆಯ ಮನೆಯಲ್ಲಿ ಒಂದು ಶಬ್ದ: ತಿರಸ್ಕೃತ.

"ರಕ್ತ ಒಡದಿತ್ರಿ ಅಜ್ಜಿ. ಯಾರೋ ಕಲ್ಲಿನಂಥ ಬರ್ಫಕ್ಕ ಒತ್ತಿ ಕಟ್ಟಿದ್ರು. ಗಡ್ಡಿಗಟ್ಟಿ ಹೋಗಿತ್ತು. ಪೋಲಿಯೋ ಹನಿ ಹಂಗ ಕಟ್ಟಿದ್ರ ನಡೀತೈತಿ, ರಕ್ತ ಹಂಗ ಕಟ್ಟಬಾರದು. ಬರ್ಫ ಅಲುಗಾಡಿಸಿದ್ರ ನೀರ ಸಪ್ಪಳ ಬರಬೇಕು. ಈ ಸಲ ಕಟ್ಟಿದವರಿಗೆ ಗೊತ್ತಿತ್ತು ನೋಡ್ರಿ, ಬರೋಬ್ಬರಿ ಕಟ್ಟ್ಯಾರ."

ಈ ಸಲ ಕಟ್ಟಿದ್ದು ಬಿದ್ದ ಮರ, ಮುಚ್ಚಿದ ಮೀನಿನ ಅಂಗಡಿ. ನಾನು ನನ್ನ ಬುದ್ಧಿಯಿಂದ ಕಟ್ಟಿದ್ದು ಮೊದಲನೆಯದು. ಖಾನಾಪುರದಲ್ಲಿ ಗಟ್ಟಿ ಬರ್ಫ ಸಿಕ್ಕಿದ್ದರೆ ಈ ಒಂಬತ್ತನ್ನೂ ಕೆಡಿಸಿಯೇ ತರುತ್ತಿದ್ದೆ.

"ಎರಡೂ ಕಟ್ಟಿದಾಕಿ ನಾನ," ಅಂದೆ. "ಕೆಟ್ಟೈತಿ ಅಂತ ನಿಮಗ ಯಾವಾಗ ಗೊತ್ತಾತು?"

"ಬಂದ ದಿನಾನ."

"ನಮಗ ಯಾಕ ಹೇಳಲಿಲ್ಲ? ಮರುದಿನ ಮತ್ತ ರಕ್ತ ತಗೀತಿದ್ವಿ."

"ಕಂಪ್ಯೂಟರ್‌ನಾಗ ಹಾಕೀವ್ರಿ. ಮೇಲಿನವರು ನೋಡಿ ಹೇಳಬೇಕಿತ್ತು."

"ಗೌಳಿವಾಡ ಕೆಳಗ ಐತಿ, ಬಾಯಾರ."

ವೈಶಾಲಿ ಪುಸ್ತಕ ಮುಚ್ಚಿದಳು. ಆ ಏಳರಲ್ಲಿ ಒಬ್ಬ ಸತ್ತ ಎಂದು ಹೇಳಿದೆ. ಆ ಪುಸ್ತಕದಲ್ಲಿ ಸತ್ತವರಿಗೆ ಮನೆ ಇಲ್ಲ, ಸೀಸೆಗಳಿಗೆ ಮಾತ್ರ. ಬೇಗ ಗೊತ್ತಾಗಿದ್ದರೆ ಧೋಂಡು ಉಳಿಯುತ್ತಿದ್ದನೇ ಎಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ನನ್ನ ಕೈಯ ತಪ್ಪು ನನ್ನದು, ಅದನ್ನು ಯಾರ ಮೇಲೂ ಹಾಕುವುದಿಲ್ಲ. ಆದರೆ ಆಯಾ ಒಬ್ಬಳು ತಪ್ಪಾಗಿ ಡಬ್ಬಿ ಕಟ್ಟಿದರೆ ಒಂದು ದಿನ ಹಾಳಾಗಬೇಕು. ಹನ್ನೆರಡು ದಿನ ಹಾಳು ಮಾಡಲು ಕಚೇರಿ ಬೇಕು, ಪುಸ್ತಕ ಬೇಕು, ಕಂಪ್ಯೂಟರ್ ಬೇಕು, ದೊಡ್ಡ ಪಗಾರದವರು ಬೇಕು.

ಬುಧವಾರ ಮೊದಲ ಬಸ್ಸಿಗೆ ಹೊರಟೆ. ಮಳೆ ನಿಂತಿತ್ತು. ಹತ್ತು ಗಂಟೆಗೆ ಉಪಕೇಂದ್ರ ಮುಟ್ಟಿದರೆ ಸಿಸ್ಟರ್ ಬಾಗಿಲಲ್ಲೇ ಕಾಯುತ್ತಿದ್ದಳು, ಡಾಕ್ಟರು ಗುಳಿಗೆಯ ಹೆಸರು ಹೇಳಿದ್ದರು. ಗುಳಿಗೆ ಎಲ್ಲಿಂದ ತರಿಸುತ್ತೀ ಎಂದು ಕೇಳಿದೆ. ಅವಳು ಗೋಡೆಯ ಕಪಾಟು ತೆರೆದಳು. ಎರಡನೇ ಅರೆಯಲ್ಲಿ ಪೆಟ್ಟಿಗೆ ಇತ್ತು, ತುಂಬಿದ ಪೆಟ್ಟಿಗೆ. ಆ ಅರೆಯನ್ನು ನಾನು ಎಷ್ಟು ವರ್ಷ ಒರೆಸಿದ್ದೇನೆ. ಜ್ವರ ಇದ್ದಲ್ಲಿಂದ ನಾಲ್ಕು ಕಿಲೋಮೀಟರಿನಲ್ಲಿ ಮದ್ದು ಇತ್ತು. ಅದರ ಹೆಸರು ತಿಳಿಯಲು ಬೆಳಗಾವಿಯವರೆಗೆ ಹೋಗಿ ಬರಬೇಕಾಯಿತು.

ಸಿಸ್ಟರ್ ಮೊದಲು ಸುನಂದಾಳ ಮನೆಗೆ ಹೋದಳು, ನಾನು ಡಬ್ಬಿಯಲ್ಲಿ ಗುಳಿಗೆ ಹಾಕಿಕೊಂಡು ಗೌಳಿವಾಡಕ್ಕೆ ನಡೆದೆ. ಲಕ್ಕೂಬಾಯಿ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು, ಬರಿಗಾಲಲ್ಲಿ, ನೀರಿನಲ್ಲಿ. ಮೊದಲು ಮೇಲೆ ಬಾ ಎಂದೆ. ಗುಳಿಗೆ ಎಣಿಸಿ ಕೊಟ್ಟೆ, ಬೆಳಗ್ಗೆ ಒಂದು, ಸಂಜೆ ಒಂದು, ಊಟದ ಮೇಲೆ. ಸಾವಿತ್ರಿ ಗೋಡೆಗೆ ಆತು ಕೂತು ಮೊದಲನೆಯದನ್ನು ನನ್ನೆದುರೇ ನುಂಗಿದಳು.

"ಇದು ಎರಡನೇ ರಕ್ತದ ಸುದ್ದಿ," ಅಂದಳು ಲಕ್ಕೂಬಾಯಿ. "ಮೊದಲನೇದು?"

"ಅದು ಕೆಟ್ಟಿತ್ತು. ನೋಡಾಕ ಬರಲಿಲ್ಲ ಅವರಿಗೆ. ಕೆಡಿಸಿದಾಕಿ ನಾನು. ಪೋಲಿಯೋ ಹನಿ ಕಟ್ಟಿದಂಗ ಗಟ್ಟಿ ಬರ್ಫನಾಗ ಕಟ್ಟಿದ್ನಿ."

ಅವಳು ಕೈಯಲ್ಲಿದ್ದ ಸಗಣಿಯನ್ನು ಹುಲ್ಲಿಗೆ ಒರೆಸಿಕೊಂಡಳು. ನಿಧಾನವಾಗಿ, ಒಂದೊಂದೇ ಬೆರಳು.

"ಬೆಳಗಾವಿಯವರಿಗೆ ಯಾವಾಗ ಗೊತ್ತಾತು?"

"ಮುಟ್ಟಿದ ದಿನಾನ."

"ಅವಾಗ ನಮ್ಮಾಂವ ಎದ್ದು ಅಡ್ಡಾಡ್ತಿದ್ದ."

"ಹೌದು."

"ನಿನಗ ಯಾವಾಗ ಗೊತ್ತಾತು?"

"ನಿನ್ನಿ ಸಂಜಿಕ."

ಅವಳು ಲೆಕ್ಕ ಹಾಕುವವಳ ಹಾಗೆ ನನ್ನ ಮುಖ ನೋಡಿದಳು. ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಕೇಳಿಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ. ಗೌಳಿಗರ ಮನೆಗೆ ಯಾರೇ ಹೋದರೂ ಮಜ್ಜಿಗೆ ಕೊಡದೆ ಕಳಿಸುವುದಿಲ್ಲ, ವೈರಿಯಾದರೂ. ಆ ದಿನ ಅವಳು ಕೊಡಲಿಲ್ಲ. ನಾನೂ ಕೂರಲಿಲ್ಲ. ಡಬ್ಬಿಯನ್ನು ಅಲ್ಲೇ ಮರೆತು ಹೊರಟೆ.

ಬೇಲಿ ದಾಟಿದಾಗ ಹಿಂದಿನಿಂದ ಕೂಗಿದಳು.

"ಗಂಗವ್ವ, ಮ್ಯಾಲಿನ ಎರಡ ಮನಿಯಾಗ ನಿನ್ನಿಯಿಂದ ಜ್ವರ ಐತಿ. ಅವರು ರಕ್ತ ಕೊಡೂದಿಲ್ಲ ಅನ್ನಾಕತ್ತಾರ. ನಾ ಕೊಡಸ್ತೀನಿ."

ನಿಂತೆ.

"ಕಟ್ಟೂದು ಮಾತ್ರ ನೀನ ಕಟ್ಟಬೇಕು," ಅಂದಳು. "ಬ್ಯಾರೇದವ್ರು ಇನ್ನೊಮ್ಮಿ ಕೆಡಿಸಿ ಕಲೀತಾರ. ನೀ ಕೆಡಿಸೂದು ಆಗೇತಿ."

ದಾರಿಯ ತಿರುವಿನಲ್ಲಿ ಹಿಂದೆ ನೋಡಿದಾಗ ನನ್ನ ನೀಲಿ ಡಬ್ಬಿಯನ್ನು ತೊಳೆದು, ಹಾಲಿನ ಕ್ಯಾನುಗಳ ಸಾಲಿನಲ್ಲಿ ಬಿಸಿಲಿಗೆ ಬೋರಲು ಹಾಕುತ್ತಿದ್ದಳು.